ಬುಧವಾರದ ರವಾನೆ, ಶನಿವಾರದ ವಿಮೆ

ಅವರ ಎರಡೂ ಕೈಗಳ ತೋರುಬೆರಳುಗಳು ನೊಗಕ್ಕೆ ಕಟ್ಟಿದ ಎತ್ತುಗಳಂತೆ ಒಟ್ಟಿಗೇ ನಡೆಯುತ್ತಿದ್ದವು. ಎಡಗೈಯದು ಒಂದು ಕಾಗದದ ಮೇಲೆ, ಬಲಗೈಯದು ಇನ್ನೊಂದರ ಮೇಲೆ. ಒಂದು ನಿಂತರೆ ಇನ್ನೊಂದೂ ನಿಲ್ಲುತ್ತಿತ್ತು. ಎರಡೂ ಕಡೆ ಅದೇ ಮಾತಿದೆ ಎಂದು ಖಾತ್ರಿಯಾದ ಮೇಲೆಯೇ ಮುಂದಿನ ಶಬ್ದ. ಬಲಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನಲ್ಲಿ ಎಷ್ಟು ತೊಳೆದರೂ ಹೋಗದ ಮಸಿ. ಊಟಕ್ಕೆ ಕೂತಾಗ ಬಿಳಿ ಜೋಳದ ರೊಟ್ಟಿಯ ಮೇಲೆ ಆ ಕಪ್ಪು ಗೆರೆ ಎದ್ದು ಕಾಣುತ್ತಿತ್ತು.

ರೋಣದಲ್ಲಿ ನಮ್ಮ ಮಾವನವರ ಹತ್ತಿ ವ್ಯಾಪಾರಕ್ಕೆ ಅವರು ಗುಮಾಸ್ತರು. ಮೂವತ್ತು ವರ್ಷ ಅದೇ ಪಡಸಾಲೆ, ಅದೇ ಕಂಬಕ್ಕೆ ಬೆನ್ನು. ನಾನು ಅವರನ್ನು ಬಲ್ಲದ್ದು ಮೂರೇ ವರ್ಷ, ಅದೂ ಬಾಗಿಲ ಸಂದಿಯಿಂದ. ಆದರೆ ನನ್ನ ತಂದೆಯನ್ನೂ ಗಂಡನನ್ನೂ ಬಿಟ್ಟರೆ ನಾನು ಇಷ್ಟು ಸಮೀಪದಿಂದ ನೋಡಿದ ಗಂಡಸು ಅವರೊಬ್ಬರೇ ಎನ್ನಬೇಕು.

ನನ್ನ ತಂದೆ ಬೆಳಗಾವಿಯ ದಂಡಿನ ಕಚೇರಿಯಲ್ಲಿ ಕಾರಕೂನರಾಗಿದ್ದರು. ಅಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಸಣ್ಣ ಕಾನ್ವೆಂಟಿನಲ್ಲಿ ನಾಲ್ಕು ವರ್ಷ ಓದಿದೆ. ಹೊಲಿಗೆ ಕಲಿಸಿದರು, ಸದ್ದಿಲ್ಲದೆ ಕದ ಮುಚ್ಚುವುದನ್ನು ಕಲಿಸಿದರು, ಓದುವಾಗ ಶಬ್ದದ ಕೊನೆಯನ್ನು ನುಂಗಬಾರದು ಎಂದು ಕಲಿಸಿದರು. ವ್ಯಾಪಾರಿಗಳ ಮೋಡಿ ಬರಹವನ್ನು ತಂದೆಯೇ ತಿದ್ದಿಸಿದರು. ಹದಿನಾಲ್ಕಕ್ಕೆ ರೋಣದ ಸೊಸೆಯಾಗಿ ಹೊರಟಾಗ ತಾಯಿ ಕಿವಿಯಲ್ಲಿ ಹೇಳಿದ್ದು ಒಂದೇ: ಓದು ಬರುತ್ತದೆ ಎಂದು ಅಲ್ಲಿ ಯಾರ ಮುಂದೆಯೂ ಬಾಯಿಬಿಡಬೇಡ. ಅಕ್ಷರ ಬಲ್ಲ ಹೆಂಡತಿ ಗಂಡನ ಆಯುಷ್ಯಕ್ಕೆ ಕುತ್ತು ಎಂದು ನಂಬಿದ ಮನೆ ಅದು. ಗೊತ್ತಾದರೆ ಬಂದ ಬಂಡಿಯಲ್ಲೇ ತವರಿಗೆ ಕಳಿಸುತ್ತಿದ್ದರು.

ಗೋಡೆಗಳು ಎರಡು ಮೊಳ ದಪ್ಪ. ನಡುಮನೆಗೆ ಬೆಳಕು ಬರುತ್ತಿದ್ದುದು ಮಾಳಿಗೆಯ ಬೆಳಕಿಂಡಿಯಿಂದ ಮಾತ್ರ. ಅದು ಮುಂಜಾನೆ ಒಲೆಯ ಹತ್ತಿರ ಬಿದ್ದು, ಸಂಜೆಯ ಹೊತ್ತಿಗೆ ಬೀಸುಕಲ್ಲಿನವರೆಗೆ ಸರಿಯುತ್ತಿತ್ತು. ನನ್ನ ತಿರುಗಾಟವೂ ಅಷ್ಟೇ. ಗಂಡಸರಿದ್ದಾಗ ಪಡಸಾಲೆಯ ಹೊಸ್ತಿಲು ದಾಟುವಂತಿರಲಿಲ್ಲ. ನನ್ನ ಪಾಲಿನ ಒಂದೇ ಹೊರಗಿನ ಕೆಲಸವೆಂದರೆ ಗುಮಾಸ್ತರಿಗೆ ಕುಡಿಯುವ ನೀರಿನ ತಂಬಿಗೆಯನ್ನು ಆ ಹೊಸ್ತಿಲ ಮೇಲೆ ಇಟ್ಟು ಬರುವುದು.

ಒಂದು ದಿನ ತಂಬಿಗೆಯನ್ನು ಯಾವಾಗಿನ ಜಾಗಕ್ಕಿಂತ ಒಂದು ಗೇಣು ಆಚೆ ಇಟ್ಟೆ. ಗುಮಾಸ್ತರು ಎದ್ದು ಬಂದರು, ಬಗ್ಗಿದರು. ಅವರ ಕೈ ಹಳೆಯ ಜಾಗದಲ್ಲಿ ಗಾಳಿಯನ್ನು ಹಿಡಿಯಿತು. ಮತ್ತೆ ಹಿಡಿಯಿತು. ತಂಬಿಗೆ ತಾಮ್ರದ್ದು, ತಿಕ್ಕಿ ಫಳಫಳ ಹೊಳೆಯುತ್ತಿತ್ತು. ನಾನು ಬಾಗಿಲ ಹಿಂದಿನಿಂದ ಸಣ್ಣ ದನಿಯಲ್ಲಿ, ಇನ್ನೊಂದೀಟು ಬಲಕ್ಕರಿ ಕಾಕಾ, ಅಂದೆ. ಅವರು ನೀರು ಕುಡಿಯಲಿಲ್ಲ. ಕಂಬದ ಬುಡಕ್ಕೆ ಹೋಗಿ ಕೂತು ಕಾಗದ ಬಿಡಿಸಿದರು. ಬೆರಳುಗಳು ನಡೆದವು. ಆಗ ನೋಡಿದೆ: ಎಡಬೆರಳು ಸಾಲು ಮುಗಿದ ಮೇಲೂ ಖಾಲಿ ಕಾಗದದ ಮೇಲೆ ನಡೆಯುತ್ತಿತ್ತು.

ಅವರ ಕೆಲಸ ಎಂಥದೆಂದು ಇಲ್ಲಿ ಹೇಳಬೇಕು. ಜಕ್ಕಲಿ, ಅಬ್ಬಿಗೇರಿಗಳ ಹತ್ತಿ ನಮ್ಮ ಹಿತ್ತಿಲಲ್ಲಿ ಒತ್ತಿ ಕಟ್ಟಿದ ಅಂಡಿಗೆಗಳಾಗಿ, ಬಂಡಿಗಳ ಮೇಲೆ ಘಟ್ಟ ಇಳಿದು ಕುಮಟೆಯ ಬಂದರಕ್ಕೆ ಹೋಗುತ್ತಿತ್ತು. ಮುಂಬಯಿಯ ಖರೀದಿದಾರ ಕುಮಟೆಯಲ್ಲಿ ಹಣದ ವ್ಯವಹಾರ ಮಾಡುವ ಒಂದು ಪೇಢಿಯ ಹೆಸರಿಗೆ ಪತ್ತಿನ ಪತ್ರ ಬರೆದು ಕೊಡುತ್ತಿದ್ದ. ಮಾಲು ಹೊರಟ ರವಾನೆ ಚೀಟಿ, ತೂಕದ ಯಾದಿ, ದಾರಿಯ ಜೋಖಮಿ ಹೊತ್ತ ವಿಮೆಯ ಚೀಟಿ, ಈ ಮೂರನ್ನು ಇಂಥ ದಿನದೊಳಗೆ ತೋರಿಸಿದರೆ ದುಡ್ಡು ಕೊಡಿರಿ ಎಂದು. ಮೂರೂ ಕಾಗದ ಪತ್ತಿನ ಪತ್ರಕ್ಕೆ ಮತ್ತು ಒಂದಕ್ಕೊಂದು ತಾಳೆಯಾಗಬೇಕು. ಅಂಡಿಗೆಗಳು ನಲವತ್ತು ಎಂದರೆ ಎಲ್ಲದರಲ್ಲೂ ನಲವತ್ತು. ಗುರುತು ಕೆಂಪು ತ್ರಿಶೂಲ ಎಂದರೆ ಎಲ್ಲದರಲ್ಲೂ ಕೆಂಪು ತ್ರಿಶೂಲ. ಒಂದು ಕಡೆ ಬರಿಯ ತ್ರಿಶೂಲ ಎಂದಿದ್ದರೂ ಪೇಢಿಯವರು ಕಾಗದ ತಿರುಗಿಸಿ ಕಳಿಸುತ್ತಿದ್ದರು. “ಕುಮಟ್ಯಾಗಿನಾಂವ ಹತ್ತಿ ನೋಡೂದಿಲ್ಲ, ಕಾಗದಾ ನೋಡ್ತಾನ. ಅಂವಗ ನಮ್ಮ ಹತ್ತಿ ಅಂದ್ರ ಈ ಮೂರು ಚೀಟಿ ಅಷ್ಟ” ಎಂದು ಗುಮಾಸ್ತರು ಬಂದ ರೈತರಿಗೆಲ್ಲ ಹೇಳುತ್ತಿದ್ದರು.

ರೈತರು ಅವರನ್ನು ಕಾಡುತ್ತಿದ್ದರು. ಜಕ್ಕಲಿಯ ಒಬ್ಬ ಒಮ್ಮೆ, ನಮ್ಮ ಎಮ್ಮಿ ಕರಾ ಹಾಕೇತಿ ಗುಮಾಸ್ತರ, ಎರಡೂ ತಾಳೆ ಆಗ್ತಾವೇನ ನೋಡ್ರಿ, ಎಂದು ಪಡಸಾಲೆಯನ್ನೆಲ್ಲ ನಗಿಸಿದ. ಗುಮಾಸ್ತರು ನಗಲಿಲ್ಲ. ಎಮ್ಮೆ ಯಾರ ಹೆಸರಲ್ಲಿದೆ, ಕರುವಿನ ಹಣೆಗೆ ಬಿಳಿ ಚುಕ್ಕೆ ಇದೆಯೋ ಇಲ್ಲವೋ ಬರೆಸಿಕೊಂಡು ಬಾ, ಆಮೇಲೆ ಹೇಳುತ್ತೇನೆ ಎಂದರು. ಆತ ನಿಜವಾಗಿಯೂ ಮರುದಿನ ಬಂದು ಬಿಳಿ ಚುಕ್ಕೆ ಇದೆ ಎಂದು ಹೇಳಿ ಹೋದ.

ತಂಬಿಗೆಯ ಘಟನೆಯಾದ ಮೂರನೆಯ ದಿನ, ಮಾವನವರು ಮಧ್ಯಾಹ್ನದ ಊಟ ಮಾಡಿ ಒಳಗೆ ಅಡ್ಡಾದ ಹೊತ್ತಿನಲ್ಲಿ, ಗುಮಾಸ್ತರು ಹೊಸ್ತಿಲ ಹತ್ತಿರ ಬಂದು ಕೂತರು. ನಾನು ಈಚೆ ಮೊರದಲ್ಲಿ ತೊಗರಿ ಬೇಳೆ ಹಸನು ಮಾಡುತ್ತಿದ್ದೆ. ಅವರು ಮುಖ ಅತ್ತ ಮಾಡಿಯೇ ಕೇಳಿದರು.

“ಸಣ್ಣವ್ವಾ, ದೇವರ ಮನ್ಯಾಗಿನ ಪಂಚಾಂಗಾ ನೀವು ಓದೂದು ಕೇಳೇನಿ. ಖರೇ ಏನ್ರಿ?”

ನಾನು ಮೊರವನ್ನು ಕೆಳಗಿಟ್ಟೆ. ನಾನು ತುಟಿಯಲ್ಲಷ್ಟೇ ಓದಿಕೊಂಡಿದ್ದೆ ಅಂದುಕೊಂಡಿದ್ದೆ. ಅವರು ಹೆದರಿಸಲು ಕೇಳಿದ್ದಲ್ಲ. ತಮ್ಮ ಗುಟ್ಟು ನನ್ನ ಕೈಯಲ್ಲಿದೆ, ನನ್ನದು ಅವರ ಕೈಯಲ್ಲಿದೆ ಎಂದು ಮೆಲ್ಲಗೆ ಹೇಳಿದರು. ಕಣ್ಣು ಹೋಗಿದೆ ಎಂದು ತಿಳಿದರೆ ಮರುದಿನ ಆ ಕಂಬ ಇನ್ನೊಬ್ಬರದಾಗುತ್ತಿತ್ತು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಗಜೇಂದ್ರಗಡದಲ್ಲಿ ಒಬ್ಬ ವಿಧವೆ ತಂಗಿ, ಅವಳು ಇವರು ಕಳಿಸುವ ಕಾಳಿನ ಮೇಲೆ ಇದ್ದವಳು. ನಾವಿಬ್ಬರೂ ಒಂದೇ ಬಾಗಿಲಿನ ಎರಡು ಬದಿಗೆ ಸಿಕ್ಕಿಕೊಂಡವರು.

ಅಂದಿನಿಂದ ಅವರು ಕಾಗದವನ್ನು ಹೊಸ್ತಿಲ ಮೇಲಿಂದ ನನ್ನ ಮೊರಕ್ಕೆ ಸರಿಸುವುದು, ನಾನು ಬೇಳೆಯ ಅಡಿಯಲ್ಲಿ ಅದನ್ನು ಹರವಿ, ಬೇಳೆ ಸರಿಸುತ್ತ ಸರಿಸುತ್ತ ಓದುವುದು ನಡೆಯಿತು. ಅವರು ಕೇಳಿದ್ದನ್ನು ಒಮ್ಮೆಗೇ ನೆನಪಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಸಂಜೆ ಮಾವನವರ ಎದುರಿಗೆ ಬೆರಳು ಓಡಿಸುತ್ತ ಬಾಯಿಪಾಠ ಒಪ್ಪಿಸುತ್ತಿದ್ದರು. ನೀವು ಓದಿದರೆ ಅಕ್ಷರ ಕಣ್ಣಿಗೆ ಕಾಣುತ್ತವೆ ಎಂದು ಒಮ್ಮೆ ಹೇಳಿದರು. ನಾನು ಸನ್ಯಾಸಿನಿಯರನ್ನು ನೆನೆದುಕೊಂಡೆ. ಇಷ್ಟು ಹೊತ್ತು ಹಸನು ಮಾಡಿದರೆ ಬೇಳೆ ಸವೆದು ಹೋದಾವು ಎಂದು ಅತ್ತೆಯವರು ಚುಚ್ಚುತ್ತಿದ್ದರು. ಅಕ್ಕಪಕ್ಕದ ಹೆಂಗಸರ ಮುಂದೆ ಮಾತ್ರ, ನಮ್ಮ ಸೊಸಿ ಹಸನ ಮಾಡಿದ ಬ್ಯಾಳ್ಯಾಗ ಒಂದು ಹರಳ ಸಿಗೂದಿಲ್ಲ ನೋಡ್ರಿ, ಎಂದು ಹೊಗಳುತ್ತಿದ್ದರು.

ಗುಮಾಸ್ತರದು ನನಗೆ ಒಂದೇ ತಾಕೀತು. ಮೊದಲ ವಾರವೇ ನಾನು ಅವಸರದಲ್ಲಿ, ಇದು ಸರಿ ಐತ್ರಿ, ಅಂದುಬಿಟ್ಟಿದ್ದೆ. ಅವರು ಮತ್ತೆ ಮೊದಲಿನಿಂದ ಓದಿಸಿದರು.

“ಸರಿ ಐತಿ ಅನಬ್ಯಾಡ್ರಿ ಸಣ್ಣವ್ವಾ. ಏನ್ ಬರದೈತಿ ಅದನ್ನಷ್ಟ ಓದ್ರಿ. ಸರಿನೋ ತಪ್ಪೋ ಅನ್ನೂದು ನನ್ನ ಕೆಲಸ.”

ಎರಡು ಹಂಗಾಮು ಹೀಗೆ ಸಾಗಿತು. ಮೂರನೆಯದು ನರಗುಂದದಲ್ಲಿ ದಂಗೆ ಎದ್ದ ವರ್ಷ.

ಆ ಬೇಸಿಗೆಯ ಕೊನೆಯ ಸರಕು ನಲವತ್ತು ಅಂಡಿಗೆ. ಜೋಯಿಸರು ಬುಧವಾರ ಮುಂಜಾನೆ ಒಳ್ಳೆಯ ಗಳಿಗೆ ಎಂದರು. ಬಂಡಿಗಳು ಇನ್ನೂ ಅಬ್ಬಿಗೇರಿಯಿಂದ ಬಂದಿರಲಿಲ್ಲ. ಆದರೆ ಗಳಿಗೆ ತಪ್ಪಿಸುವಂತಿಲ್ಲ. ಹಾಗಾಗಿ ಪ್ರಸ್ಥಾನ ಇಟ್ಟರು. ಎಂದರೆ ಒಂದೇ ಅಂಡಿಗೆಯನ್ನು ಆ ಗಳಿಗೆಗೆ ಮನೆಯಿಂದ ಹೊರಡಿಸಿ ಊರಬಾಗಿಲಾದ ಅಗಸಿಯ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಇಟ್ಟು ಬರುವುದು. ಅಲ್ಲಿಗೆ ಮಾಲು ಹೊರಟಂತೆ. ಉಳಿದದ್ದು ಆಮೇಲೆ ಯಾವ ದಿನ ಹೋದರೂ ದೋಷವಿಲ್ಲ. ಆ ಅಂಡಿಗೆಗೆ ಆರತಿ ಎತ್ತಿದವಳು ನಾನೇ. ಮನೆಯ ಪದ್ಧತಿಯಂತೆ ರವಾನೆ ಚೀಟಿಯನ್ನೂ ಗುಮಾಸ್ತರು ಅದೇ ಗಳಿಗೆಗೆ, ಮೂವತ್ತು ವರ್ಷದ ಕೈರೂಢಿಯ ಮೇಲೆಯೇ ಬರೆದು, ಮೂಲೆಗೆ ಕುಂಕುಮ ಹಚ್ಚಿದರು. ಅದರಲ್ಲಿ ಬುಧವಾರ ಎಂದೇ ಬಂತು.

ವಿಮೆಯ ಸಾಹುಕಾರರು ನರಗುಂದದವರು. ಬಂಡಿಗೆ ಎತ್ತು ಹೂಡಿದ್ದನ್ನು ಕಣ್ಣಾರೆ ಕಾಣದೆ ಚೀಟಿ ಬರೆಯಬಾರದು ಎಂಬುದು ಅವರ ಪದ್ಧತಿ. ಬೇರೆ ವರ್ಷ ಅವರ ಮನುಷ್ಯ ಗಳಿಗೆಯ ದಿನವೇ ಬಂದಿರುತ್ತಿದ್ದ, ಬಂಡಿಗಳೂ ಅಂದೇ ಹೊರಡುತ್ತಿದ್ದವು. ಈ ಸಲ ಊರೂರಲ್ಲಿ ಗುಸುಗುಸು, ದಾರಿಯಲ್ಲಿ ತಪಾಸಣೆ. ಬಂಡಿಗಳೂ ತಡ, ಅವನೂ ತಡ. ಎತ್ತು ಹೂಡಿದ್ದು ಶನಿವಾರ. ಅವನು ಚೀಟಿ ಬರೆದದ್ದೂ ಶನಿವಾರ.

ಆ ಮಧ್ಯಾಹ್ನ ಕಾಗದಗಳು ನನ್ನ ಮೊರಕ್ಕೆ ಬಂದವು. ಕಾಗದ ಒಯ್ಯುವ ಓಟಗಾರ ಕುಮಟೆಗೆ ಹೊರಡಲು ಹೊರಗೆ ನಿಂತಿದ್ದ. ಅಂಡಿಗೆಗಳ ಲೆಕ್ಕ ಓದಿದೆ, ಗುರುತು ಓದಿದೆ, ಹೆಸರು ಓದಿದೆ, ಬೆಲೆ ಓದಿದೆ. ಒಳಗಿನಿಂದ ಅತ್ತೆಯವರು ಕೂಗಿದರು, ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು.

“ವಾರ?” ಗುಮಾಸ್ತರು ಕೇಳಿದರು.

ಎರಡೂ ಕಾಗದ ನನ್ನ ಕಣ್ಣ ಮುಂದಿದ್ದವು. ಒಂದರಲ್ಲಿ ಬುಧವಾರ, ಒಂದರಲ್ಲಿ ಶನಿವಾರ. ಎರಡನ್ನೂ ನೋಡಿದೆ. ಬುಧವಾರ ಆರತಿ ಎತ್ತಿದ್ದೂ ನಿಜ, ಶನಿವಾರ ಬಂಡಿಯ ಸದ್ದು ಕೇಳಿದ್ದೂ ನಿಜ. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

“ವಾರ ಸರಿ ಅದಾವ್ರಿ ಕಾಕಾ” ಅಂದೆ. ಎದ್ದು ಒಲೆಯ ಕಡೆ ಓಡಿದೆ.

ಹತ್ತಿ ಸುರಕ್ಷಿತವಾಗಿ ಕುಮಟೆ ಮುಟ್ಟಿತು. ಕಾಗದಗಳು ಮಾತ್ರ ತಿರುಗಿ ಬಂದವು. ಮಾಲು ಬುಧವಾರ ಹೊರಟಿದೆ, ವಿಮೆ ಶನಿವಾರದ್ದು. ನಡುವಿನ ಮೂರು ದಿನ ದಾರಿಯ ಮೇಲೆ ಅದು ಯಾರ ಜೋಖಮಿಯಲ್ಲಿತ್ತು ಎಂದು ಪೇಢಿಯವರು ಬರೆದಿದ್ದರು. ವಿಮೆಗೆ ಮುಂಚೆ ಹೊರಟ ಮಾಲಿಗೆ ಪತ್ತಿನ ಪತ್ರದ ಮೇಲೆ ದುಡ್ಡು ಕೊಡಲಾಗದು. ಗಡುವಿಗೆ ಹದಿಮೂರು ದಿನ ಉಳಿದಿತ್ತು. ಅದು ದಾಟಿದರೆ ಮಳೆ, ಮಳೆಗೆ ಬಂದರ ಬಂದ್, ನಾಲ್ಕು ತಿಂಗಳು ಹತ್ತಿ ಉಪ್ಪುಗಾಳಿಯ ಉಗ್ರಾಣದಲ್ಲಿ ಕೊಳೆಯಬೇಕು.

ಮಾವನವರು ಪಡಸಾಲೆಯಲ್ಲಿ ಹುಲಿಯಂತೆ ತಿರುಗಿದರು. ಶನಿವಾರ ಎಂದು ಹಾಕಿ ಹೊಸ ರವಾನೆ ಚೀಟಿ ಬರೆಯಿರಿ, ನಿಜವಾಗಿ ಹೊರಟದ್ದು ಅಂದೇ ಅಲ್ಲವೆ ಎಂದರು. ಗುಮಾಸ್ತರು ಒಪ್ಪಲಿಲ್ಲ. ಒಂದು ಚೀಟಿ ನೋಡಿದವರಿಗೆ ಎರಡನೆಯದನ್ನು ತೋರಿಸಿದರೆ ನಮ್ಮ ಒಂದು ಕಾಗದವನ್ನೂ ಇನ್ನು ನಂಬಲಾರರು. ಇರುವುದು ಒಂದೇ ದಾರಿ, ಬುಧವಾರದಿಂದಲೇ ಜೋಖಮಿ ತಮ್ಮದು ಎಂದು ವಿಮೆಯ ಸಾಹುಕಾರರು ಚೀಟಿಯ ಬೆನ್ನಿಗೆ ಬರೆದು ಸಹಿ ಹಾಕಬೇಕು ಎಂದರು.

“ನೀವು ಓದಿ ನೋಡಿದ್ರೋ ಇಲ್ಲೋ?” ಮಾವನವರು ಕೇಳಿದರು.

“ನೋಡಿದ್ದೆ ಸಾವ್ಕಾರ್ರ. ತಪ್ಪಾತು.”

ತಪ್ಪು ಮಾಡಿದವರೇ ಹೋಗಿ ಬರೆಸಿಕೊಂಡು ಬರಲಿ ಎಂದು ಮಾವನವರು ಹೇಳಿದರು. ನರಗುಂದ ಒಂದು ದಿನದ ದಾರಿ. ಹೋಗಿ ಬರಲು ಎರಡು ದಿನ, ಆಮೇಲೆ ಇಲ್ಲಿಂದ ಕುಮಟೆಗೆ ಓಟಗಾರನಿಗೆ ಆರು ದಿನ. ಹೊತ್ತಿತ್ತು. ಅಬ್ಬಿಗೇರಿಯ ಬಂಡಿಯವನೊಬ್ಬನನ್ನು ಕರೆದುಕೊಂಡು ಗುಮಾಸ್ತರು ಹೊರಟರು. ಬಂಡಿ ಹತ್ತುವಾಗ ಕಾಲಿಡುವ ಅಚ್ಚನ್ನು ಕೈಯಿಂದ ಮುಟ್ಟಿ ನೋಡಿಕೊಂಡದ್ದನ್ನು ನಾನು ಮಾಳಿಗೆಯ ಮೇಲಿಂದ ಕಂಡೆ. ಬೇರೆ ಯಾರೂ ಗಮನಿಸಲಿಲ್ಲ.

ಎರಡು ದಿನವಾಯಿತು, ಬರಲಿಲ್ಲ. ನರಗುಂದದಲ್ಲಿ ದಂಗೆ ಎದ್ದ ಸುದ್ದಿ ಬಂತು. ಮೂರು, ನಾಲ್ಕು, ಆರು. ನಾನು ಬೆಳಕಿಂಡಿಯ ಬೆಳಕು ಒಲೆಯಿಂದ ಬೀಸುಕಲ್ಲಿಗೆ ಸರಿಯುವುದನ್ನು ನೋಡುತ್ತ ಕೂತೆ. ಅತ್ತೆಯವರು ಯಾಕೆ ಊಟ ಸೇರುತ್ತಿಲ್ಲ, ಬಸಿರೇನು ಎಂದು ಕೇಳಿದರು. ನಾನು ಬೀಸುಕಲ್ಲಿನ ಗೂಟ ಹಿಡಿದು ಜೋಳ ಬೀಸತೊಡಗಿದೆ.

ಅವರು ತಿರುಗಿ ಬಂದದ್ದು ಹತ್ತನೆಯ ದಿನ, ತುಂತುರು ಮಳೆಯಲ್ಲಿ. ಬಂಡಿಯವನು ಹಿತ್ತಿಲಿಗೆ ಬಂದು ಮಜ್ಜಿಗೆ ಕೇಳಿದ. ಕುಡಿಯುತ್ತ ಅತ್ತೆಯವರಿಗೆ ಎಲ್ಲ ಹೇಳಿದ. ಮುಟ್ಟಿದ ಸಂಜೆಯೇ ಸಾಹುಕಾರರು ನಗುತ್ತ ಬರೆದು, ಓದಿ ಹೇಳಿ ಕೊಟ್ಟರಂತೆ. ಮಾಲು ಸುಖವಾಗಿ ಮುಟ್ಟಿದ ಮೇಲೆ ಅವರಿಗೇನು ನಷ್ಟ? ಆದರೆ ಮರುದಿನ ಬೆಳಗಾಗುವುದರೊಳಗೆ ಊರಿನ ಅಗಸಿ ಮುಚ್ಚಿತ್ತು. ಒಳಗಿನವರು ಹೊರಗೆ ಬಿಡಲಿಲ್ಲ. ಆಮೇಲೆ ಹೊರಗೆ ಕಂಪನಿಯ ದಂಡು ಬಂತು. ಊರು ದಂಡಿನ ಕೈಸೇರಿದ ಮೇಲೆಯೇ ಇವರು ಹೊರಬಿದ್ದದ್ದು.

“ಎಂಟ ದಿನಾ ಆ ಮುದುಕಪ್ಪ ತಲಿಮ್ಯಾಲಿನ ರುಮಾಲ ತಗೀಲಿಲ್ಲವ್ವಾ, ಕಾಗದಾ ಅದರಾಗ ಇತ್ತ” ಎಂದ ಬಂಡಿಯವನು. “ದಿನಾ ಮುಂಜಾನೆ ನನ್ನ ಭುಜಾ ಹಿಡಕೊಂಡು ಅಗಸಿ ಕಾಯೋರ ಮುಂದ ಹೋಗಿ ನಿಲ್ಲತಿದ್ದ. ನನ್ನ ಬಿಡಬ್ಯಾಡ್ರಪಾ, ಈ ಕಾಗದಾ ಒಂದ ಹೊರಗ ಬಿಡ್ರಿ ಅಂತಿದ್ದ. ಅವರು ನಗತಿದ್ರು.”

ಗಡುವಿಗೆ ಉಳಿದದ್ದು ಮೂರು ದಿನ. ಯಾವ ಓಟಗಾರನೂ ಆ ಮಳೆಯಲ್ಲಿ ಮೂರು ದಿನದಲ್ಲಿ ಘಟ್ಟ ಇಳಿಯಲಾರ. ಆ ಸರಕಿನ ದುಡ್ಡು ಹೋದಂತೆಯೇ.

ಮರುದಿನ ಮುಂಜಾನೆ ಮಾವನವರು ಗುಮಾಸ್ತರನ್ನು ಎದುರಿಗೆ ಕೂಡಿಸಿಕೊಂಡರು. ನಾನು ಹೊಸ್ತಿಲ ಮೇಲೆ ತಂಬಿಗೆ ಇಟ್ಟು ಬಾಗಿಲ ಹಿಂದೆ ನಿಂತೆ. ಬಂಡಿಯವನು ಭುಜ ಹಿಡಿದ ಮಾತನ್ನು ಮಾವನವರಿಗೂ ಹೇಳಿರಬೇಕು. ಸಾಹುಕಾರರು ಏನು ಬರೆದಿದ್ದಾರೆ ಓದಿ ಎಂದು ಅವರು ಒಂದು ಕಾಗದ ಕೊಟ್ಟರು. ಗುಮಾಸ್ತರು ಅದನ್ನು ತೊಡೆಯ ಮೇಲೆ ಹರವಿ, ಬೆರಳು ಓಡಿಸುತ್ತ, ಸಾಹುಕಾರರ ಮಾತನ್ನು ಒಂದಕ್ಷರ ತಪ್ಪದೆ ಹೇಳಿದರು. ದನಿಯಲ್ಲಿ ಹೆಮ್ಮೆ ಕೂಡ ಇತ್ತು.

ಅವರ ಕೈಯಲ್ಲಿದ್ದದ್ದು ಆ ಚೀಟಿಯಲ್ಲ. ಕುಮಟೆಯವರು ಬರೆದ ತಿರಸ್ಕಾರದ ಪತ್ರ.

ಮಾವನವರು ಆ ಪತ್ರವನ್ನು ಅವರ ತೊಡೆಯ ಮೇಲಿಂದ ತೆಗೆದುಕೊಂಡರು. ಮಳೆಯ ಹನಿ ಮಾಳಿಗೆಯ ನೀರದೋಣಿಯಿಂದ ಬೀಳುತ್ತಿತ್ತು. ಆಮೇಲೆ ಮಾವನವರು ಬಹಳ ಮೆಲ್ಲಗೆ ಕೇಳಿದರು.

“ಹಂಗಾರ ಇಷ್ಟ ದಿನಾ ನಿಮಗ ಓದಿ ಹೇಳಿದ್ದು ಯಾರು?”

ನನ್ನ ಕೈ ಕದದ ಮೇಲಿತ್ತು. ಬಳೆ ಸದ್ದಾಯಿತು. ಸದ್ದಿಲ್ಲದೆ ಕದ ತೆಗೆಯಲು ಬಲ್ಲವಳು ನಾನು. ಅಂದು ಬಳೆ ಸದ್ದಾಯಿತು. ಗುಮಾಸ್ತರ ತಲೆ ಒಂದಿಷ್ಟು ಈ ಕಡೆ ತಿರುಗಿ ನಿಂತಿತು. ಅವರು ಒಮ್ಮೆ ಕೆಮ್ಮಿ, ಯಾವತ್ತೂ ಎತ್ತದ ಗಟ್ಟಿ ದನಿ ಎತ್ತಿದರು.

“ಯಾರೂ ಓದಿಲ್ಲರಿ. ಅಂದಾಜಿನ ಮ್ಯಾಲ ಹೇಳ್ತಿದ್ದೆ. ಆ ದಿನಾನೂ ಓದಲಾರದನ ಓದೇನಿ ಅಂದೆ.”

ಕಣ್ಣು ಕಾಣದ ಮುದುಕ ಎಂದರೆ ಮಾವನವರು ಮರುಗುತ್ತಿದ್ದರೋ ಏನೋ. ಮೋಸಗಾರ ಎಂದ ಮೇಲೆ ಮರುಕಕ್ಕೆ ಜಾಗವಿರಲಿಲ್ಲ. ಮೂವತ್ತು ವರ್ಷದ ಹೆಸರನ್ನು ಅವರು ಒಂದು ಉಸಿರಿನಲ್ಲಿ ಕೊಟ್ಟುಬಿಟ್ಟರು. ಆ ಕದವನ್ನು ನಾನು ದೂಡುತ್ತಿದ್ದೆನೋ ಇಲ್ಲವೋ, ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ದೂಡುತ್ತಿದ್ದೆ ಎಂದು ಹೇಳುವ ಧೈರ್ಯ ನನಗಿಲ್ಲ.

ಅವರು ಬೀಗದ ಕೈಗಳನ್ನು ಗಾದಿಯ ಮೇಲಿಟ್ಟು ಎದ್ದರು. ಹೊಸ್ತಿಲ ಹತ್ತಿರ ಬಂದು ನೀರು ಕುಡಿದು, ತಂಬಿಗೆ ಇಡುವಾಗ ಬಗ್ಗಿ, ನನಗಷ್ಟೇ ಕೇಳುವಂತೆ, “ಒಳಗ ಹೋಗ್ರಿ ಸಣ್ಣವ್ವಾ” ಅಂದರು. ಅದೇ ಕೊನೆಯ ಮಾತು.

ತಿಂಗಳ ಮೇಲೆ ನನ್ನ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ಒಳ್ಳೆಯವರು. ಆಗೂದು ಆಗೇತಿ, ಅಪ್ಪಾರ ಮುಂದ ಅನಬ್ಯಾಡ, ಎಂದರು. ಗುಮಾಸ್ತರು ತಂಗಿಯ ಮನೆ ಸೇರಿದ್ದ ಗಜೇಂದ್ರಗಡಕ್ಕೆ ನಾಲ್ಕು ಚೀಲ ಜೋಳ ಕಳಿಸಿದರು. ತಂಗಿ ಎರಡನ್ನು ಇಟ್ಟುಕೊಂಡಳು. ಎರಡನ್ನು ಗುಮಾಸ್ತರು ತಿರುಗಿ ಕಳಿಸಿದರು, ಯಾಕೆಂದು ಹೇಳಿ ಕಳಿಸಲಿಲ್ಲ. ಹೋಗಿ ನೋಡುವ ಮಾತೇ ಇರಲಿಲ್ಲ. ಬಾಣಂತನಕ್ಕೆ ತವರಿಗೆ ಹೋದದ್ದು ಬಿಟ್ಟರೆ ಹತ್ತು ವರ್ಷ ನಾನು ಆ ಅಗಸಿ ದಾಟಲಿಲ್ಲ. ನಾಲ್ಕು ವರ್ಷದ ಮೇಲೆ ಗಜೇಂದ್ರಗಡದ ಹತ್ತಿಯ ಬಂಡಿಯವರು ಬಂದಾಗ, ಗುಮಾಸ್ತರು ತೀರಿಕೊಂಡು ಎರಡು ತಿಂಗಳಾಯಿತು ಎಂದರು. ನನಗೆ ಅಳಲೂ ನೆಪ ಬೇಕಿತ್ತು. ಉಳ್ಳಾಗಡ್ಡಿ ಹೆಚ್ಚಲು ಕೂತೆ.

ಈಗ ಮಾವನವರಿಲ್ಲ, ಅತ್ತೆಯವರಿಲ್ಲ. ಗಂಡ ಹೋಗಿ ಮೂರು ವರ್ಷ. ನಾನು ಅಕ್ಷರ ಕಲಿತದ್ದರಿಂದ ಹೋದರು ಎಂದು ಹೇಳುವವರೂ ಯಾರೂ ಉಳಿದಿಲ್ಲ. ರೋಣದ ಪೇಟೆಯಲ್ಲಿ ಹೊಸ ಹುಡುಗರಿಗೆ ಕೆಲಸ ಕಲಿಸುವಾಗ ಈಗಲೂ ಆ ಗುಮಾಸ್ತರ ಕತೆ ಹೇಳುತ್ತಾರಂತೆ: ಓದದೆಯೇ ಓದಿದ್ದೇನೆ ಎಂದು ಕಾಗದ ಬಿಟ್ಟು ಮನೆ ಮುಳುಗಿಸಿದವರು ಎಂದು. ನನ್ನ ಮೊಮ್ಮಗನೇ ಮೊನ್ನೆ ಬಂದು ಅದನ್ನು ನಗುತ್ತ ಹೇಳಿದ. ಅವನನ್ನು ಕೂಡಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಆ ಮನುಷ್ಯ ಜೀವಮಾನದಲ್ಲಿ ಒಂದು ಕಾಗದವನ್ನೂ ಓದದೆ ಬಿಟ್ಟವರಲ್ಲ. ಅಂದು ಓದಿದವಳು ನಾನು. ಬುಧವಾರವನ್ನೂ ಶನಿವಾರವನ್ನೂ ಕಂಡು, ಸರಿ ಇವೆ ಎಂದವಳೂ ನಾನು.